ಎಡಗೈಯವಳ ವೀಸಾ

ನಾನು ಹತ್ತಿಯ ಹುಳುಗಳ ಚಿತ್ರ ಬರೆಯುತ್ತಿದ್ದೆ. ಅದೇ ನನ್ನ ನೌಕರಿ. ಹುಬ್ಬಳ್ಳಿಯ ಉಣಕಲ್ ದಾಟಿ ಧಾರವಾಡದ ರಸ್ತೆಯಲ್ಲಿ ಒಂದು ಸಣ್ಣ ಸಂಶೋಧನಾ ಕಚೇರಿ, ಅದರಲ್ಲಿ ಕಿಟಕಿ ಪಕ್ಕದ ಮೇಜು ನನ್ನದು. ರೈತರು ಡಬ್ಬಿಯಲ್ಲಿ ಹಿಡಿದು ತಂದ ಹುಳುವನ್ನು ಭೂತಗನ್ನಡಿಯ ಕೆಳಗಿಟ್ಟು, ಅದು ಸತ್ತು ಬಣ್ಣಗೆಡುವುದರೊಳಗೆ ಕಾಲು, ಕೂದಲು, ಮೈಮೇಲಿನ ಪಟ್ಟೆ ಎಲ್ಲವನ್ನೂ ಮಸಿಯಲ್ಲಿ ಇಳಿಸಬೇಕು. ಅದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ವಿನಯಕ್ಕಾಗಿ ಸುಳ್ಳು ಹೇಳುವ ವಯಸ್ಸು ಈಗ ನನ್ನದಲ್ಲ.

ಆದರೆ ಬರೆಯುತ್ತಿದ್ದದ್ದು ಎಡಗೈಯಿಂದ. ಅಕ್ಷರ ಮಾತ್ರ ಬಲಗೈಯದು, ಸಾಲಿ ಮಾಸ್ತರರು ಬೆರಳ ಗಂಟಿನ ಮೇಲೆ ಹೊಡೆದು ಕಲಿಸಿದ್ದು. ಚಿತ್ರವನ್ನು ಯಾರೂ ಕಲಿಸಲಿಲ್ಲ, ಹೀಗಾಗಿ ಅದು ತನಗೆ ಬೇಕಾದ ಕೈಯಲ್ಲಿ ಬಂದು ಕೂತಿತು. ಅವ್ವನಿಗೆ ಇದು ಮನೆಯ ದೊಡ್ಡ ಗುಟ್ಟು. ಚಿಕ್ಕಂದಿನಲ್ಲಿ ಆ ಕೈ ಮುಂದೆ ಬಂದರೆ ಅದರ ಮೇಲೆ ಹೊಡೆಯುತ್ತಿದ್ದಳು. ಹೆಣ್ಣು ನೋಡಲು ಬಂದವರ ಮುಂದೆ ನನ್ನ ಎಡಗೈಯನ್ನು ಸೆರಗಿನೊಳಗೆ ಇಡಿಸುತ್ತಿದ್ದಳು. "ಎಡಚಿ ಅಂತ ಗೊತ್ತಾದ್ರ ಮುಗೀತು. ಆ ಕೈಲೆ ನೀಡಿದ್ರ ಯಾರೂ ಉಣ್ಣಂಗಿಲ್ಲ," ಎನ್ನುತ್ತಿದ್ದಳು.

ಕಚೇರಿಯಲ್ಲಿ ಒಂದು ಪದ್ಧತಿ ಇತ್ತು. ಚಿತ್ರದ ಕೆಳಗೆ ಬರೆದವರು ಸಹಿ ಹಾಕಬಾರದು. ಪುಸ್ತಿಕೆ ಅಚ್ಚಾಗಿ ಬಂದಾಗ 'ಚಿತ್ರಗಳು' ಎಂಬಲ್ಲಿ ನಮ್ಮ ಸಾಹೇಬರ ಹೆಸರು ಇರುತ್ತಿತ್ತು. ಎಂಟು ವರ್ಷ ಹೀಗೇ ನಡೆಯಿತು. ನಾನೂ ಸುಮ್ಮನಿದ್ದೆ, ಅದು ನನ್ನ ತಪ್ಪೇ.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಪರದೇಶದ ವಿಜ್ಞಾನಿಯೊಬ್ಬರು ಕಚೇರಿ ನೋಡಲು ಬಂದರು. ಒಂದು ಮಧ್ಯಾಹ್ನ ನನ್ನ ಬೆನ್ನ ಹಿಂದೆ ನಿಂತು ನಾನು ಬರೆಯುವುದನ್ನು ನೋಡಿ ಹೋದರು. ಆರು ತಿಂಗಳಿಗೆ ಅವರ ದೇಶದ ವಸ್ತುಸಂಗ್ರಹಾಲಯದಿಂದ ಪತ್ರ ಬಂತು. ಕೀಟಗಳ ಚಿತ್ರ ಬರೆಯುವ ಕೆಲಸ ಇದೆ, ಬರುತ್ತೀರಾ ಎಂದು. ಕಸುಬಿನಲ್ಲಿ ಅಸಾಧಾರಣ ಪ್ರತಿಭೆ ಇದ್ದವರಿಗೆ ಅಲ್ಲಿನ ಸರಕಾರ ವೀಸಾ ಕೊಡುತ್ತಿತ್ತು. ಅರ್ಜಿ ಹಾಕಿದೆ. ಮದ್ರಾಸಿನ ವೀಸಾ ಕಚೇರಿಯಿಂದ ಪ್ರಶ್ನೆ ಬಂತು: ನೀವು ಕಳಿಸಿದ ಪುಸ್ತಿಕೆಗಳಲ್ಲಿ ಬೇರೆಯವರ ಹೆಸರಿದೆ, ಚಿತ್ರ ನಿಮ್ಮವೇ ಎಂಬುದಕ್ಕೆ ಆಧಾರವೇನು?

ಸಾಹೇಬರ ಹತ್ತಿರ ಹೋದೆ. ಒಂದೇ ಒಂದು ಪತ್ರ ಕೇಳಿದೆ. ಅವರು ಕೊಟ್ಟರು, ಇಲ್ಲ ಅನ್ನಲಿಲ್ಲ. ಅದರಲ್ಲಿ ಹೀಗಿತ್ತು: ಈಕೆ ವಿಧೇಯಳು, ಅಚ್ಚುಕಟ್ಟು, ನಾನು ಬರೆದ ಚಿತ್ರಗಳಿಗೆ ಬಣ್ಣ ತುಂಬಲು ನೆರವಾಗಿದ್ದಾಳೆ.

"ಸಾಹೇಬ್ರ, ಇದು ಖರೇ ಅಲ್ಲ," ಎಂದೆ.

"ನೋಡು ತಂಗಿ, ಹೆಸರು ಅಚ್ಚಾಗೇದ. ಈಗ ನಂದಲ್ಲ ಅಂದ್ರ ನನ್ನ ಮರ್ಯಾದಿ ಏನಾತು? ಇಷ್ಟಾದ್ರೂ ಬರದೇನಲ್ಲ, ತೊಗೊಂಡು ಹೋಗು."

ಮೈಯೆಲ್ಲ ಉರಿದುಹೋಯಿತು. ಪತ್ರವನ್ನು ಅವರ ಮೇಜಿನ ಮೇಲೆಯೇ ಬಿಟ್ಟು ಬಂದೆ. ಹೋದರೆ ಚಿತ್ರಗಾರ್ತಿಯಾಗಿ ಹೋಗುತ್ತೇನೆ, ವಿಧೇಯಳಾಗಿ ಇರುವುದಕ್ಕೆ ಹುಬ್ಬಳ್ಳಿಯೇ ಸಾಕು.

ಆಧಾರ ಚಿತ್ರದಲ್ಲೇ ಇತ್ತು. ನೆರಳಿಗೆಂದು ಒತ್ತೊತ್ತಾಗಿ ಎಳೆಯುವ ಸಣ್ಣ ಗೆರೆಗಳನ್ನು ಬಲಗೈಯವರು ಒಂದು ಕಡೆ ಓರೆ ಮಾಡಿದರೆ, ಎಡಗೈಯವರು ಇನ್ನೊಂದು ಕಡೆ ಮಾಡುತ್ತಾರೆ. ಎಂಟು ವರ್ಷದ ಪ್ರತಿ ಚಿತ್ರದಲ್ಲೂ ನನ್ನ ಗೆರೆ ಎಡಗೈಯವಳ ಗೆರೆ. ಸಾಹೇಬರು ಬಲಗೈಯವರು. ಆದರೆ ನಾನು ಎಡಚಿ ಎಂದು, ಚಿಕ್ಕಂದಿನಿಂದ ಕಂಡವರೊಬ್ಬರು ನೋಟರಿ ವಕೀಲರ ಮುಂದೆ ಪ್ರಮಾಣ ಮಾಡಿ ಹೇಳಬೇಕಿತ್ತು. ಅಪ್ಪ ಇರಲಿಲ್ಲ. ಇದ್ದವಳು ಅವ್ವ ಒಬ್ಬಳೇ, ಇಷ್ಟು ವರ್ಷ ಅದನ್ನೇ ಮುಚ್ಚಿಟ್ಟವಳು. ಮೇಲಾಗಿ ಅದೇ ತಿಂಗಳು ಗಬ್ಬೂರಿನ ಹತ್ತಿ ವ್ಯಾಪಾರಿಗಳ ಮನೆಯಿಂದ ಸಂಬಂಧವೊಂದು ಕುದುರುತ್ತ ಬಂದಿತ್ತು.

ನಡೆದದ್ದನ್ನು ಹೇಳಿ, ಪ್ರಮಾಣ ಮಾಡಬೇಕೆಂದು ಅವ್ವನನ್ನು ಕೇಳಿದೆ. ಎರಡು ದಿನ ಅವಳು ಪಾತ್ರೆ ಕುಕ್ಕುತ್ತ ಓಡಾಡಿದಳು. ಮೂರನೆಯ ದಿನ ರೊಟ್ಟಿ ಬಡಿಯುತ್ತ ಕೇಳಿದಳು, "ಆ ಸಾಹೇಬ ನಿನ್ನ ಚಿತ್ರಾ ತನ್ನವು ಅಂದನೇನು?"

"ಹೂಂ."

"ಬರಿಲಿಕ್ಕೆ ಬರ್ತೈತೇನು ಅವಗ?"

"ಹುಳದ ಕಾಲ ಎಷ್ಟಂತ ಸುದ್ದಾ ಅವ್ರು ನನ್ನ ಚಿತ್ರಾ ನೋಡಿ ಎಣಸ್ತಾರ."

ಕೈ ತೊಳೆದು ಸೀರೆ ಬದಲಿಸಿ ಬಂದಳು. ಇಬ್ಬರೂ ಕೇಶ್ವಾಪುರದ ವಕೀಲರ ಮನೆಗೆ ನಡೆದೆವು. ಅಲ್ಲಿ ಕಟ್ಟೆಯ ಮೇಲೆ ಹತ್ತಾರು ಜನ ಕೂತಿದ್ದರು. ಅವರೆಲ್ಲರ ಮುಂದೆ ಅವ್ವ ಗಟ್ಟಿಯಾಗಿ, "ನನ್ನ ಮಗಳು ಹುಟ್ಟಾ ಎಡಚಿ ಅದಾಳ್ರಿ. ಚಿತ್ರಾ ಬರಿಯೂದು ಎಡಗೈಲೆ. ಬರಕೋರಿ," ಎಂದಳು. ವಕೀಲರು ಬರೆದುಕೊಂಡು ಸ್ಟಾಂಪು ಕಾಗದ ಮುಂದಿಟ್ಟು, ಹೆಬ್ಬೆಟ್ಟು ಒತ್ತಲು ಹೇಳಿದರು. ಅವ್ವ ಬಲಗೈ ಚಾಚಿದಳು.

"ಎಡಗೈದು ಒತ್ರಿ ಅವ್ವಾರ. ಕೋರ್ಟಿಗೆ ಅದೇ ಬೇಕು."

ಅವ್ವನ ಕಣ್ಣು ಕೆಂಪಾಯಿತು. "ಸರಕಾರಕ್ಕ ಎಡಗೈ ಬೇಕು, ಬೀಗರಿಗೆ ಬ್ಯಾಡ! ಇದನ್ನ ಮೊದ್ಲ ಹೇಳಿದ್ರ ಈ ಹುಡುಗಿ ಕೈ ಮ್ಯಾಲೆ ನಾ ಹೊಡೀತಿದ್ನೇನ್ರಿ?" ಎಂದು ವಕೀಲರನ್ನೇ ಗದರಿದಳು. ಹೆಬ್ಬೆಟ್ಟನ್ನು ಎಷ್ಟು ಜೋರಾಗಿ ಒತ್ತಿದಳೆಂದರೆ ಮಸಿ ಹರಡಿಹೋಯಿತು. ಇನ್ನೊಮ್ಮೆ ಒತ್ತಬೇಕಾಯಿತು.

ಸುದ್ದಿ ನಮಗಿಂತ ಮುಂಚೆ ಗಬ್ಬೂರು ಮುಟ್ಟಿತು. ಸಂಬಂಧ ಮುರಿಯಿತು. ಹೇಳಲು ಬಂದ ಹೆಂಗಸಿಗೆ ಅವ್ವ ಚಹಾ ಕೊಟ್ಟು, "ಛಲೋ ಆತು ಬಿಡ್ರಿ," ಎಂದು ಕಳಿಸಿದಳು. ನನಗೆ ಅಳು ಬಂತು. ಮದುವೆ ತಪ್ಪಿತೆಂದಲ್ಲ, ಅವ್ವನ ಮೇಲಿನ ಪ್ರೀತಿಗೆ.

ಮದ್ರಾಸಿನಲ್ಲಿ ಅಧಿಕಾರಿ ಭೂತಗನ್ನಡಿ ಹಿಡಿದು ಎಂಟು ವರ್ಷದ ಗೆರೆಗಳನ್ನು ನೋಡಿದ. ನನ್ನ ಕೈಗೆ ಪೆನ್ನು ಕೊಟ್ಟು ಒಂದು ನೊಣ ಬರೆಸಿದ. ಎರಡು ತಿಂಗಳಿಗೆ ಮಂಜೂರಾತಿ ಪತ್ರ ಬಂತು. 'ಈ ಚಿತ್ರಗಳನ್ನು ಬರೆದವರು' ಎಂದು, ಕೆಳಗೆ ನನ್ನ ಹೆಸರು.

ಅವ್ವ ನನ್ನಿಂದ ಅದನ್ನು ಎರಡು ಸಲ ಓದಿಸಿದಳು. ಆಮೇಲೆ ನನ್ನ ಚಪ್ಪಲಿಯನ್ನು ಬಾಗಿಲ ಮುಂದೆ ತಂದಿಟ್ಟು, "ಇನ್ನ ಆ ಸಾಹೇಬನ ಮನಿ ಮುಂದ ನಿಂತು ಓದಿ ಬಾ, ಗಟ್ಟಿಗೆ," ಎಂದಳು.

ನಾನು ಹೋಗಿ ಓದಿ ಬಂದೆ.