ಓದಲಾಗದ ಕಾಗದ ಮೇಲಕ್ಕೆ ಹೋಗುತ್ತದೆ

ಆ ಕಂಪನಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೆದರಿಕೆಯಿಂದಲ್ಲ. ಬೈದು ಬರೆದರೂ ಅವರಿಗೆ ಅದು ಪುಕ್ಕಟೆ ಪ್ರಚಾರವೇ, ಅಷ್ಟು ಉಪಕಾರವೂ ನನ್ನಿಂದ ಅವರಿಗೆ ಬೇಡ. ನಡೆಯಲಾಗದವರಿಗೆ ಬ್ಯಾಟರಿಯ ಮೂರು ಚಕ್ರದ ಗಾಡಿ ಮಾಡುವ ಕಂಪನಿ ಅದು. ಅವರ ಜಾಹೀರಾತಿನಲ್ಲಿ ಒಬ್ಬ ಹುಡುಗಿ ಕೂದಲು ಹಾರಿಸಿಕೊಂಡು ಸಮುದ್ರದ ದಂಡೆಯಲ್ಲಿ ಹೋಗುತ್ತಾಳೆ. ನನ್ನ ತಮ್ಮ ನಮ್ಮೂರು ಜಡೆಯ ರಸ್ತೆಯಲ್ಲಿ ಹೋಗುತ್ತಿದ್ದ. ಮಳೆ ಹಿಡಿದ ಎರಡನೇ ವಾರ ಗಾಡಿ ನಿಂತಿತು, ಅವನೂ ನಿಂತ.

ತಮ್ಮನಿಗೆ ಎರಡು ವರ್ಷವಿದ್ದಾಗ ಪೋಲಿಯೊ ಬಂದು ಎರಡೂ ಕಾಲು ಹೋದವು. ಅಂದಿನಿಂದ ಅವನನ್ನು ಎಲ್ಲರೂ ಎತ್ತಿಕೊಂಡೇ ಓಡಾಡಿದ್ದು. ಅಪ್ಪ ಎತ್ತಿದರು, ನಾನು ಎತ್ತಿದೆ, ಬಸ್ಸಿನ ಕಂಡಕ್ಟರು ಎತ್ತಿದ, ಗುರುತಿಲ್ಲದವರೂ ಎತ್ತಿದರು. ಯಾರೂ ಅವನನ್ನು ಒಂದು ಮಾತು ಕೇಳುತ್ತಿರಲಿಲ್ಲ. ಎತ್ತದೆ ಇದ್ದವರು ಒಬ್ಬರೇ, ಕುಬಟೂರಿನ ಮೇಸ್ತ್ರಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ವೈಂಡಿಂಗ್ ಕೆಲಸ ಅವರದು. ಹದಿನೇಳರ ತಮ್ಮ ಕೆಲಸ ಕಲಿಯಲು ಹೋಗಿ ಅಂಗಡಿಯ ಮೆಟ್ಟಿಲ ಕೆಳಗೆ ಕೂತಿದ್ದಾಗ ಅವರು ಒಳಗಿನಿಂದಲೇ, "ಬರಾದಾದ್ರೆ ನೀನೇ ಬಾ, ನಾ ಕಾಯ್ತೀನಿ" ಎಂದರಂತೆ. ತಮ್ಮ ಕೈಯೂರಿಕೊಂಡು ಮೂರು ಮೆಟ್ಟಿಲು ಹತ್ತಿದ. ಮಾರನೆಯ ವಾರ ಹೋದಾಗ ಅಲ್ಲಿ ಮೂರರ ಬದಲು ತಗ್ಗಿನ ಆರು ಮೆಟ್ಟಿಲಿದ್ದವು. ಆ ಬಗ್ಗೆ ಮೇಸ್ತ್ರಿಯೂ ಮಾತಾಡಲಿಲ್ಲ, ತಮ್ಮನೂ ಕೇಳಲಿಲ್ಲ.

ಈಗ ತಮ್ಮನದೇ ವೈಂಡಿಂಗ್ ಅಂಗಡಿ ಜಡೆಯಲ್ಲಿದೆ. ಗಾಡಿ ಬಂದ ಮೇಲೆ ಎರಡು ವರ್ಷ ಅವನನ್ನು ಯಾರೂ ಎತ್ತಿದ್ದಿಲ್ಲ. ಅದು ನಿಂತ ದಿನಗಳಲ್ಲೇ ಕುಬಟೂರಿನಿಂದ ಸುದ್ದಿ ಬಂತು. ಮೇಸ್ತ್ರಿ ಹಾಸಿಗೆ ಹಿಡಿದಿದ್ದಾರೆ, ತಮ್ಮನನ್ನು ಒಂದು ಸಲ ನೋಡಬೇಕು ಅಂತಿದ್ದಾರೆ. ಆಟೋ ಮಾಡಿಕೊಂಡು ಹೋಗೋಣ ಎಂದೆ. ತಮ್ಮ ಒಪ್ಪಲಿಲ್ಲ.

"ಅವ್ರ ಮುಂದೆ ನನ್ನ ಹೊತ್ತು ತಂದು ಇಳಿಸಬ್ಯಾಡಕ್ಕ. ಗಾಡಿ ರಿಪೇರಿ ಆಗ್ಲಿ, ನಾನೇ ಹೋಗ್ತೀನಿ."

ಹಟಮಾರಿ ಎಂದು ಬೈದೆ. ಬೈದು, ಗಾಡಿಯ ಜವಾಬ್ದಾರಿ ನಾನೇ ಹೊತ್ತುಕೊಂಡೆ. ನಾನು ಶಿಕಾರಿಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಟಪಾಲು ನೋಡುವ ಗುಮಾಸ್ತೆ. ಬಂದ ಕಾಗದ ಯಾರ ಮೇಜಿಗೆ ಹೋಗಬೇಕು, ಎಲ್ಲಿ ಕೊಳೆಯಬೇಕು ಎಂಬುದು ಇಪ್ಪತ್ತೆರಡು ವರ್ಷಗಳಿಂದ ನನ್ನ ಕೈಯಲ್ಲಿದೆ. ಒಂದು ಗಾಡಿ ರಿಪೇರಿ ಮಾಡಿಸುವುದು ಯಾವ ದೊಡ್ಡ ಮಾತು ಅಂದುಕೊಂಡಿದ್ದೆ.

ಗಾಡಿ ಮಾರಿದ ಸೊರಬದ ಡೀಲರು ಬೋರ್ಡು ಇಳಿಸಿ ಊರು ಬಿಟ್ಟಿದ್ದ. ಉಳಿದದ್ದು ಬಿಲ್ಲಿನ ಕೆಳಗಿದ್ದ ಗ್ರಾಹಕ ಸೇವೆಯ ನಂಬರು. ಮಾಡಿದೆ. ಕನ್ನಡಕ್ಕೆ ನಾಲ್ಕು ಒತ್ತಿ ಎಂದಿತು, ಒತ್ತಿದೆ. ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಇಪ್ಪತ್ತು ನಿಮಿಷ ಹೇಳಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು.

"ಕಸ್ಟಮರ್ ಜೊತೆ ಮಾತಾಡ್ಬಹುದಾ ಮೇಡಂ?"

"ಕಸ್ಟಮರ್ ಅಂದ್ರೆ ನಮ್ಮಪ್ಪ. ಅವ್ರಿಲ್ಲ."

"ಯಾವಾಗ ಸಿಗ್ತಾರೆ ಮೇಡಂ?"

"ತೀರ್ಕಂಡು ನಾಕು ವರ್ಷ ಆತು ಕಣಮ್ಮ."

ಅತ್ತ ಏನೋ ಟೈಪ್ ಮಾಡಿದ ಸದ್ದು. "ಓಕೆ ಮೇಡಂ. ಅವರು ಅವೈಲಬಲ್ ಆದಾಗ ರಿಜಿಸ್ಟರ್ಡ್ ನಂಬರಿಂದ ಅವರ ಕೈಲೇ ಕಾಲ್ ಮಾಡಿಸಿ."

ನಗು ಬರಬೇಕಿತ್ತು. ನನಗೆ ಮೈಯೆಲ್ಲ ಉರಿಯಿತು. ಆದರೆ ಈ ಪೇಚಿಗೆ ಅರ್ಧ ಕಾರಣ ನಾವೇ ಎಂಬುದನ್ನೂ ಹೇಳಬೇಕು. ನಮ್ಮ ಜಮೀನಿನ ಪಹಣಿ ಇವತ್ತಿಗೂ ಅಪ್ಪನ ಹೆಸರಿನಲ್ಲಿದೆ. ಕರೆಂಟಿನ ಮೀಟರು ಅಪ್ಪನ ಹೆಸರಿನಲ್ಲಿದೆ. ಡೈರಿಯಲ್ಲಿ ಹಾಲು ಅಪ್ಪನ ಹೆಸರಿಗೇ ಬೀಳುತ್ತದೆ. ನಮ್ಮ ಕಡೆ ಇದರಲ್ಲಿ ಮೋಸವಿಲ್ಲ, ವಿಶೇಷವೂ ಇಲ್ಲ. ಹಿರಿಯರು ಹೋದ ಮಾತ್ರಕ್ಕೆ ಹೆಸರು ತೆಗೆಯುವುದು ಅವರನ್ನು ಇನ್ನೊಂದು ಸಲ ಮನೆಯಿಂದ ಕಳಿಸಿದ ಹಾಗೆ ಅನ್ನಿಸುತ್ತದೆ, ಅಷ್ಟೇ. ಹಾಗಾಗಿ ಡೀಲರು "ಬಿಲ್ಲು ಯಾರ ಹೆಸರಿಗೆ?" ಎಂದಾಗ ತಮ್ಮ ಯೋಚನೆಯನ್ನೇ ಮಾಡದೆ ಅಪ್ಪನ ಹೆಸರು ಹೇಳಿದ್ದ. ಕೊಟ್ಟ ಫೋನ್ ನಂಬರೂ ಅಪ್ಪನದೇ. ಆ ಸಿಮ್ಮು ಎಂದೋ ಸತ್ತಿತ್ತು.

ಮುಂದಿನ ನಾಲ್ಕು ತಿಂಗಳಲ್ಲಿ ನಾನು ಎಷ್ಟು ಜನರ ಹತ್ತಿರ ಮಾತಾಡಿದೆನೋ. ಎಲ್ಲರದೂ ಒಂದೇ ಮೃದುವಾದ ದನಿ, ಆ ದನಿ ಕೇಳಿದರೇ ನನಗೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ. ಒಬ್ಬಳು, ಬಿಲ್ಲನ್ನು ತಮ್ಮನ ಹೆಸರಿಗೆ ಬದಲಾಯಿಸಿಕೊಳ್ಳಿ ಎಂದಳು. ಬದಲಾಯಿಸಲು ಏನು ಬೇಕು ಎಂದೆ. ಕಸ್ಟಮರ್ ಸಹಿ ಎಂದಳು. ಇನ್ನೊಬ್ಬ ಬಿಲ್ಲಿನ ದಿನಾಂಕ ನೋಡಿ, "ಸತ್ತವರು ಹೇಗೆ ಗಾಡಿ ತಗೊಂಡ್ರು ಮೇಡಂ?" ಎಂದು ನನ್ನನ್ನೇ ಕಳ್ಳಿ ಮಾಡಿದ. ನಿಮ್ಮ ಮೇಲಿನವರಿಗೆ ಫೋನು ಕೊಡು ಎಂದರೆ ಅವನಿಗಿಂತ ಚಿಕ್ಕ ದನಿಯ ಇನ್ನೊಬ್ಬ ಬಂದು, ತಾನೇ ಮೇಲಿನವನು ಎನ್ನುತ್ತಿದ್ದ. ದೂರಿಗೊಂದು ಸಂಖ್ಯೆ ಕೊಡುತ್ತಿದ್ದರು, ಮೂರನೇ ದಿನ ದೂರು ಪರಿಹಾರವಾಗಿದೆ ಎಂದು ಮೆಸೇಜು ಬರುತ್ತಿತ್ತು. ಎಷ್ಟು ಸ್ಟಾರ್ ಕೊಡುತ್ತೀರಿ ಎಂದು ಬೇರೆ ಕೇಳುತ್ತಿದ್ದರು.

ಗಾಡಿಗೆ ಏನಾಗಿದೆ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ತಮ್ಮನಿಗೆ ಅದು ಮೊದಲ ದಿನವೇ ಗೊತ್ತಿತ್ತು. ಮೋಟಾರಿಗೆ ಕರೆಂಟು ಹಂಚುವ ಒಂದು ಪುಟ್ಟ ಪೆಟ್ಟಿಗೆ ಸೀಟಿನ ಕೆಳಗಿದೆ. ಅದಕ್ಕೆ ವೈರು ಮೇಲಿನಿಂದ ಬರುತ್ತದೆ. ಮಳೆ ನೀರು ವೈರಿನ ಗುಂಟ ಇಳಿದು ಸೀದಾ ಪೆಟ್ಟಿಗೆಯೊಳಗೆ ಹೋಗುತ್ತದೆ.

"ವೈರು ಕೆಳಗಿಂದ ಬಂದಿದ್ರೆ ನೀರು ಅಲ್ಲೇ ತೊಟ್ಟಿಕ್ತಿತ್ತು ಅಕ್ಕ. ಇಷ್ಟು ದೊಡ್ಡ ಕಂಪನಿ, ಮಳೆ ಅನ್ನಾದೇ ನೋಡಿಲ್ವ ಇವ್ರು?"

ನೀನೇ ಬಿಚ್ಚಿ ಮಾಡಿಕೊಳ್ಳಬಾರದೇ ಎಂದೆ. ಬಿಚ್ಚಿದರೆ ವಾರಂಟಿ ಹೋಗುತ್ತದೆ, ಬಿಚ್ಚಿದರೂ ಒಳಗಿನ ಬೋರ್ಡು ಅವರ ಹತ್ತಿರ ಬಿಟ್ಟು ಎಲ್ಲೂ ಸಿಗುವುದಿಲ್ಲ ಎಂದ. ಊರೆಲ್ಲರ ಮೋಟಾರು ಎಬ್ಬಿಸುವವನು ತನ್ನ ಗಾಡಿಯ ಮುಂದೆ ಕೈಕಟ್ಟಿ ಕೂತಿದ್ದ. ಭಾನುವಾರ ತವರಿಗೆ ಹೋದಾಗೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದ, ಏನಾಯಿತು ಎಂದು ಬಾಯಿಬಿಟ್ಟು ಕೇಳುತ್ತಿರಲಿಲ್ಲ.

ದಸರೆ ಕಳೆದ ವಾರ ಮೇಸ್ತ್ರಿ ತೀರಿಕೊಂಡರು.

ತಮ್ಮ ಹೋದ. ಆಟೋದಲ್ಲಿ ಹೋದ. ಆರು ಮೆಟ್ಟಿಲಿದ್ದದ್ದು ಅಂಗಡಿಗೆ, ಮನೆಗಲ್ಲ. ಮನೆಯ ಮುಂದೆ ಜನ ಕಿಕ್ಕಿರಿದಿದ್ದರು, ಕೈಯೂರಲೂ ಜಾಗವಿರಲಿಲ್ಲ. ಇಬ್ಬರು ಅವನನ್ನು ಎತ್ತಿಕೊಂಡು ಹೋಗಿ ಹೆಣದ ಪಕ್ಕ ಇಳಿಸಿದರು. ಅವನು ಕಣ್ಣು ಮುಚ್ಚಿಕೊಂಡೇ ಕೈಮುಗಿದ. ವಾಪಸು ಬರುವಾಗ ಆಟೋದಲ್ಲಿ ನನ್ನ ಪಕ್ಕ ಕೂತಿದ್ದ. ನನಗೆ ಆ ಕಂಪನಿಯವರ ಕುತ್ತಿಗೆ ಹಿಡಿಯಬೇಕು ಅನ್ನಿಸುತ್ತಿತ್ತು. ಯಾರ ಕುತ್ತಿಗೆ ಎಂದು ಗೊತ್ತಿರಲಿಲ್ಲ. ಅವರು ಕಟ್ಟಿಕೊಂಡ ಕೋಟೆಯ ಬಲವೇ ಅದು, ಹಿಡಿಯಲು ಕುತ್ತಿಗೆ ಸಿಗುವುದಿಲ್ಲ.

ಸೋಮವಾರ ಕಚೇರಿಯಲ್ಲಿ ಕೂತು ಯೋಚಿಸಿದೆ. ನನ್ನ ಕಿಟಕಿಯನ್ನು ದಾಟಿ ಸಾಹೇಬರವರೆಗೆ ಹೋಗುವವರು ಯಾರು? ಕೂಗಾಡುವವರಲ್ಲ. ಕೂಗುವವರಿಗೆ ನಾನು ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎನ್ನುತ್ತೇನೆ. ಅಳುವವರಿಗೆ ನಾಳೆ ಬನ್ನಿ ಎನ್ನುತ್ತೇನೆ. ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೆ ಇಪ್ಪತ್ತೆರಡು ವರ್ಷ ನಾನೂ ಅದೇ ಮೃದುವಾದ ದನಿಯನ್ನೇ ಸಾಕಿಕೊಂಡು ಬಂದವಳು. ನನ್ನನ್ನು ಸೋಲಿಸಿದವನು ಉಡುತಡಿಯ ಒಬ್ಬ ರೈತ ಮಾತ್ರ. ಆತ ಅರ್ಜಿಯನ್ನು ಸಾಹೇಬರಿಗೆ ಬರೆಯುತ್ತಲೇ ಇರಲಿಲ್ಲ. ಸಾಹೇಬರ ಮೇಲಿನವರಿಗೆ ಬರೆದು, ನಕಲು ಮಾತ್ರ ನಮಗೆ ತರುತ್ತಿದ್ದ. "ನೀವೇನೂ ಮಾಡಾದು ಬ್ಯಾಡ್ರೀ, ಸೀಲ್ ಹಾಕ್ಕೊಡ್ರಿ ಸಾಕು" ಎನ್ನುತ್ತಿದ್ದ. ಅವನ ಕೆಲಸ ಎಲ್ಲರಿಗಿಂತ ಮುಂಚೆ ಆಗುತ್ತಿತ್ತು.

ಇನ್ನೊಂದು ಗುಟ್ಟು ಟಪಾಲಿನವರಿಗೆ ಮಾತ್ರ ಗೊತ್ತಿರುವಂಥದು. ಕನ್ನಡದ ಅರ್ಜಿಯನ್ನು ನಾವು ಓದಿ, ನಮ್ಮಲ್ಲೇ ಇಟ್ಟುಕೊಳ್ಳುತ್ತೇವೆ. ಎಲ್ಲಿಂದಲೋ ಬಿಗಿಯಾದ ಇಂಗ್ಲಿಷಿನಲ್ಲಿ ಕಾಗದ ಬಂದರೆ ಒಬ್ಬರ ಮುಖ ಒಬ್ಬರು ನೋಡಿ, "ಇದನ್ನ ಸಾಹೇಬ್ರಿಗೇ ಇಡ್ರಿ" ಎನ್ನುತ್ತೇವೆ. ಓದಲಾಗದ ಕಾಗದವನ್ನು ಕೆಳಗಿನವರು ಎಸೆಯುವುದಿಲ್ಲ, ಹೆದರುತ್ತಾರೆ. ಅದು ತಾನಾಗಿ ಮೇಲಕ್ಕೆ ಹೋಗುತ್ತದೆ.

ಕಂಪನಿಯ ಮುಖ್ಯ ಕಚೇರಿ ಬೇರೆ ರಾಜ್ಯದಲ್ಲಿತ್ತು. ಅಲ್ಲಿ ಕನ್ನಡ ಬಲ್ಲವರು ಇರಲಾರರು. ಅದಕ್ಕೇ ಕನ್ನಡದಲ್ಲಿ ಬರೆದೆ.

ಉದ್ದನೆಯ ಗೆರೆ ಹಾಳೆ ತೆಗೆದುಕೊಂಡು ಕೈಬರಹದಲ್ಲೇ ಬರೆದೆ. ಸಿಟ್ಟು ಬಂದಾಗ ನನ್ನ ಅಕ್ಷರ ದುಂಡಗಾಗುತ್ತದೆ, ಅಂದು ಮುತ್ತಿನಂತಿತ್ತು. ಮೇಲೆ ವಿಷಯ, ಅದರ ಕೆಳಗೆ ಉಲ್ಲೇಖ, ಉಲ್ಲೇಖದಲ್ಲಿ ಅವರೇ ಕೊಟ್ಟ ಹದಿನಾಲ್ಕು ದೂರು ಸಂಖ್ಯೆ. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ತಾವು ಮಾತನಾಡಬಯಸುವ ಗ್ರಾಹಕರು ಮೃತರಾಗಿದ್ದು, ತಮ್ಮ ಸಿಬ್ಬಂದಿ ಅವರಿಗಾಗಿ ನಾಲ್ಕು ತಿಂಗಳಿಂದ ಕಾಯುತ್ತಿದ್ದಾರೆ." ಹೀಗೆ ಮೂರು ಪುಟ. ಒಂದು ಬೈಗುಳವಿಲ್ಲ, ಒಂದು ದಯವಿಟ್ಟು ಇಲ್ಲ. ಜೊತೆಗೆ ಅಪ್ಪನ ಮರಣ ಪತ್ರ, ನಾಡಕಚೇರಿಯಿಂದ ತಂದ ವಂಶವೃಕ್ಷ. ಒಂದು ಗಾಡಿಯ ಪೆಟ್ಟಿಗೆಗೆ ಅಜ್ಜನಿಂದ ಹಿಡಿದು ನಮ್ಮವರೆಗಿನ ವಂಶವೃಕ್ಷ! ಪುಟಪುಟಕ್ಕೂ ನೋಟರಿಯ ನೇರಳೆ ಸೀಲು. ಕೊನೆಯಲ್ಲಿ ನನ್ನ ತಮ್ಮ ಬರೆದುಕೊಟ್ಟ ಚಿತ್ರ, ನೀರು ಎಲ್ಲಿ ಇಳಿಯುತ್ತದೆ, ವೈರು ಎಲ್ಲಿಂದ ಬರಬೇಕಿತ್ತು ಎಂದು ಬಾಣದ ಗುರುತಿನೊಂದಿಗೆ.

ಕಾಗದವನ್ನು ಬರೆದದ್ದು ಕಂಪನಿಯ ಅಧ್ಯಕ್ಷರಿಗೆ. ನಕಲು ವ್ಯವಸ್ಥಾಪಕ ನಿರ್ದೇಶಕರಿಗೆ, ಕಾನೂನು ವಿಭಾಗಕ್ಕೆ, ಕಾರ್ಖಾನೆಯ ಮುಖ್ಯಸ್ಥರಿಗೆ. ಗ್ರಾಹಕ ಸೇವೆಗೆ ಬೇಕೆಂದೇ ಕಳಿಸಲಿಲ್ಲ. ಲಕೋಟೆಯ ಮೇಲಿನ ವಿಳಾಸ ಮಾತ್ರ ಇಂಗ್ಲಿಷಿನಲ್ಲಿ. ಅಂಚೆ ಕಚೇರಿಗೆ ಹೋಗಿ, ತಲುಪಿದ್ದಕ್ಕೆ ಸಹಿ ಮಾಡಿಸಿಕೊಂಡು ಬರುವ ಹಾಗೆ ನಾಲ್ಕನ್ನೂ ರಿಜಿಸ್ಟರ್ ಮಾಡಿಸಿದೆ.

ಹನ್ನೊಂದನೇ ದಿನ ಫೋನು ಬಂತು. ಗಂಭೀರವಾದ ಗಂಡು ದನಿ, ಹುಬ್ಬಳ್ಳಿ ಕಡೆಯ ಕನ್ನಡ. ಕಾರ್ಖಾನೆಯ ಮುಖ್ಯಸ್ಥರಂತೆ.

"ನಿಮ್ಮ ಪತ್ರ ನೋಡಿ ನಮ್ಮ ಲೀಗಲ್‌ನವ್ರು ಕೋರ್ಟ್ ನೋಟಿಸ್ ಅಂತ ಗಾಬರಿ ಆಗಿದ್ರು ಮೇಡಂ" ಎಂದು ನಕ್ಕರು. "ಮೂರು ಟೇಬಲ್ ದಾಟಿ ಚೇರ್ಮನ್‌ರ ಕಡೆ ಹೋತು. ಅವರು ಕನ್ನಡ ಯಾರಿಗೆ ಬರತೈತಿ ಅಂತ ಕೇಳಿ ನನಗ ಕಳಿಸ್ಯಾರ."

ನಾನು ನಗಲಿಲ್ಲ. ಅವರು ಅಪ್ಪನನ್ನು ಕೇಳಲಿಲ್ಲ, ಸಹಿ ಕೇಳಲಿಲ್ಲ. ಹೊಸ ಪೆಟ್ಟಿಗೆ ನಾಳೆಯೇ ಹೊರಡುತ್ತದೆ, ನಿಮ್ಮ ತಮ್ಮನೇ ಕೂರಿಸಿಕೊಳ್ಳಲಿ, ವಾರಂಟಿಗೆ ತೊಂದರೆಯಿಲ್ಲ ಎಂದರು. ನಾಲ್ಕು ತಿಂಗಳಲ್ಲಿ ಆಗದ್ದು ನಾಲ್ಕು ನಿಮಿಷದಲ್ಲಿ ಮುಗಿಯಿತು. ಗೆದ್ದೆ ಅನ್ನಿಸಿತು. ಆ ಖುಷಿ ಭಾನುವಾರದವರೆಗೆ ಇತ್ತು.

ಭಾನುವಾರ ಮನೆಯ ಅಂಗಳದಲ್ಲಿ ತಮ್ಮ ಪಾರ್ಸೆಲ್ಲು ಬಿಚ್ಚಿದ. ಪೆಟ್ಟಿಗೆಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ನನ್ನ ಕಡೆ ಹಿಡಿದ. ವೈರಿನ ತೂತು ಕೆಳಗಡೆ ಇತ್ತು.

"ನಿನ್ನ ಚಿತ್ರ ನೋಡಿ ಸರಿ ಮಾಡಿದಾರೆ" ಎಂದೆ.

"ಅಲ್ಲಕ್ಕ. ಇಲ್ಲಿ ನೋಡು."

ಪಕ್ಕದಲ್ಲಿ ತಯಾರಾದ ತಿಂಗಳು ಒತ್ತಿದ್ದರು. ನಾನು ಮೊದಲ ಸಲ ಗ್ರಾಹಕ ಸೇವೆಯ ಹುಡುಗಿಗೆ ಫೋನು ಮಾಡುವುದಕ್ಕಿಂತ ಐದು ತಿಂಗಳು ಹಿಂದಿನದು. ನೀರು ಇಳಿಯುವುದು ಅವರಿಗೆ ಗೊತ್ತಿತ್ತು. ಸರಿ ಮಾಡಿ, ಮಾಡಿದ್ದನ್ನು ಕಪಾಟಿನಲ್ಲಿಟ್ಟುಕೊಂಡು, ನನ್ನ ಹತ್ತಿರ ಸತ್ತ ಅಪ್ಪನನ್ನು ಕೇಳುತ್ತ ಕೂತಿದ್ದರು.

ಆ ಮುಖ್ಯಸ್ಥರ ನಂಬರಿಗೆ ಅಲ್ಲೇ ಫೋನು ಮಾಡಿದೆ. ಭಾನುವಾರವಾದರೂ ಎತ್ತಿದರು. ಗೊತ್ತಿದ್ದೂ ಗಾಡಿ ಕೊಂಡವರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಕೇಳಿದವರಿಗೆಲ್ಲ ಕೊಡಾಕತ್ತೀವಲ್ರಿ ಮೇಡಂ" ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ತಮ್ಮ ಕೈಚಾಚಿದ. "ಕೊಡು ಇಲ್ಲಿ. ನಾ ಮಾತಾಡ್ತೀನಿ." ಫೋನು ತೆಗೆದುಕೊಂಡು ಬಹಳ ನಿಧಾನವಾಗಿ ಹೇಳಿದ:

"ಸರ್, ಪೆಟ್ಟಿಗೆ ಚೆನ್ನಾಗೈತೆ. ಕೆಲಸ ಅಚ್ಚುಕಟ್ಟು. ನಾನು ಒಬ್ಬರನ್ನ ನೋಡಾಕೆ ಹೋಗ್ಬೇಕಿತ್ತು, ನನ್ನ ಗಾಡೀಲೇ. ಇದು ನಿಮ್ಮ ಹತ್ರ ರೆಡಿ ಇದ್ದಾಗ ಅವ್ರು ಬದುಕಿದ್ರು."

ಫೋನನ್ನು ನನಗೆ ವಾಪಸು ಕೊಟ್ಟು, ಸ್ಕ್ರೂಡ್ರೈವರ್ ಹಿಡಿದು ಗಾಡಿಯ ಕೆಳಗೆ ಬಗ್ಗಿದ. ನಾನು ಕಿವಿಗಿಟ್ಟುಕೊಂಡೆ. ಇಷ್ಟು ದೊಡ್ಡ ಮನುಷ್ಯ, ಈಗಲಾದರೂ ಮನುಷ್ಯರ ಮಾತೊಂದು ಆಡುತ್ತಾನೆ ಎಂದು ಕಾದೆ.

"ಮತ್ತೇನರ ಸಹಾಯ ಬೇಕಿತ್ತೇನ್ರಿ ಮೇಡಂ?" ಎಂದ.