ಕೊಯ್ದು ನೋಡಿದ ಕನ್ವರ್ಟರ್

ಗೇರ್‌ಬಾಕ್ಸ್ ಮೇಸ್ತ್ರಿಗೆ ‘ಮೂಸುಮೇಸ್ತ್ರಿ’ ಎಂಬ ಹೆಸರು ಸುಮ್ಮನೆ ಬಿದ್ದದ್ದಲ್ಲ. ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸಿ, ಒಳಗೆ ಏನು ಸುಟ್ಟಿದೆ ಎಂದು ಹೇಳಿಬಿಡುತ್ತಿದ್ದ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಮನೆಯಲ್ಲಿ ಹಾಲಿನ ಮೇಲೂ ಪ್ರಯೋಗಿಸುತ್ತಿದ್ದ ಮಹಾರಾಯ.

ಶೆಡ್ಡಿನಲ್ಲಿ ಅವನ ಜೊತೆಗಿದ್ದವನು ಹೆಂಡತಿಯ ತಮ್ಮ. ಮೇಸ್ತ್ರಿಗೆ ಬೆನ್ನು ಹಿಡಿದುಕೊಂಡ ಮೇಲೆ ಭಾರದ ಕೆಲಸವೆಲ್ಲ ಅವನದೇ. ಅವನು ಹೋದರೆ ಶೆಡ್ಡಿಗೆ ಬೀಗವೇ ಗತಿ. ಅದು ಮೇಸ್ತ್ರಿಗೂ ಗೊತ್ತು, ಮುಂದಿನ ಕೋಣೆಯಲ್ಲಿ ಕೂತು ಗಿರಾಕಿಗಳ ಫೋನ್ ನೋಡಿಕೊಳ್ಳುವ ಹೆಂಡತಿಗೂ ಗೊತ್ತು.

ಆ ವಾರ ಒಂದು ರೇಸ್ ಕಾರು ಬಂತು. ಕ್ಲಚ್ ಪೆಡಲ್ ಇಲ್ಲದ ಆಟೊಮ್ಯಾಟಿಕ್. ಅಂಥ ಕಾರಿನಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕುಂಬಳಕಾಯಿಯಂಥ ಒಂದು ಉಕ್ಕಿನ ಗುಂಡು ಕೂತಿರುತ್ತದೆ. ಅದೇ ಟಾರ್ಕ್ ಕನ್ವರ್ಟರ್. ಅದರೊಳಗೆ ಒಂದು ರೆಕ್ಕೆಚಕ್ರ ಎಣ್ಣೆಯನ್ನು ಎರಚುತ್ತದೆ, ಆ ರಭಸಕ್ಕೆ ಇನ್ನೊಂದು ತಿರುಗುತ್ತದೆ. ಮೈದುನ ಹಳೆಯದನ್ನು ತೆಗೆದು ಹೊಸದೊಂದನ್ನು ತಾನೇ ಆರಿಸಿ ತಂದು ಕೂರಿಸಿದ.

ಮೇಸ್ತ್ರಿ ಕಾರನ್ನು ಒಂದು ಸುತ್ತು ಓಡಿಸಿ ಬಂದಾಗ ಮುಖ ಗಂಟಿಕ್ಕಿತ್ತು. ಎಂಜಿನ್ ಮೊದಲು ಭೋರ್ಗರೆಯುತ್ತದೆ, ಕಾರು ಆಮೇಲೆ ಹೊರಡುತ್ತದೆ. ಗೇರ್ ಬದಲಾದರೆ ಎಂಜಿನ್ ವೇಗ ತೋರಿಸುವ ಮುಳ್ಳು ಇಳಿಯಬೇಕಾದಷ್ಟು ಇಳಿಯುವುದಿಲ್ಲ. ಟಕ್ಕನೆ ಬೀಳಬೇಕಾದ ಗೇರು ಜಾರಿ ಜಾರಿ ಬೀಳುತ್ತದೆ.

“ಜಾರ್ತಾ ಇದೆಯಲ್ಲೋ!”

“ಇದು ಸಡಿಲದ ಕನ್ವರ್ಟರ್ ಭಾವ. ಎಂಜಿನ್ ಚೆನ್ನಾಗಿ ಏರಿದ ಮೇಲೇ ಹಿಡಿಯೋದು. ರೇಸಿಗೆ ಅದೇ ಬೇಕು. ಗೇರ್ ಯಾವಾಗ ಬೀಳ್ಬೇಕು ಅನ್ನೋದು ಕಾರಿನ ಕಂಪ್ಯೂಟರಲ್ಲಿ ಇನ್ನೂ ಹಳೇ ಕನ್ವರ್ಟರಿಗೇ ಇದೆ. ಲ್ಯಾಪ್‌ಟಾಪ್ ತಂದು ಸರಿ ಮಾಡ್ತೀನಿ. ಅಲ್ಲಿವರೆಗೆ ಮುಟ್ಬೇಡಿ.”

‘ಮುಟ್ಬೇಡಿ’ ಎಂದದ್ದೇ ತಪ್ಪಾಯಿತು. ಮೇಸ್ತ್ರಿ ಜೀವನವಿಡೀ ಓಡಿಸಿದ್ದು ಬಿಗಿ ಕನ್ವರ್ಟರಿನ ಕಾರುಗಳನ್ನು. ಸೀಟಿನಲ್ಲಿ ಕೂತ ಅವನ ಕುಂಡೆಗೆ ಜಾರುವುದೆಂದರೆ ಸವೆದದ್ದು ಎಂದೇ ಅರ್ಥ. ಎಲ್ಲೋ ಗುಜರಿಯ ಮಾಲಿಗೆ ಬಣ್ಣ ಬಳಿದು ತಂದಿದ್ದಾನೆ ಎಂದುಕೊಂಡ. ಎಣ್ಣೆ ಮೂಸಿದ. ಸುಟ್ಟ ವಾಸನೆ ಇರಲಿಲ್ಲ. ಇದ್ದಿದ್ದರೆ ಅನುಮಾನ ಒಂದು ಪಾಲು, ಇಲ್ಲದ್ದರಿಂದ ಎರಡು ಪಾಲಾಯಿತು. ವಾಸನೆ ಮುಚ್ಚಲೆಂದೇ ಹೊಸ ಎಣ್ಣೆ ಸುರಿದಿದ್ದಾನೆ, ಕಳ್ಳ!

ಮೈದುನ ಅತ್ತ ಹೋದದ್ದೇ ತಡ, ಜ್ಯಾಕ್ ಕೊಟ್ಟು ಗೇರ್‌ಬಾಕ್ಸ್ ಇಳಿಸತೊಡಗಿದ. ಬೆನ್ನುನೋವು ಎಲ್ಲಿ ಹೋಯಿತೋ! ಅನುಮಾನ ಹೊಕ್ಕರೆ ಮುದುಕನಿಗೂ ಆನೆಬಲ.

“ಅವನು ಬರೋವರೆಗೆ ತಾಳಬಾರದಾ?” ಎಂದಳು ಮುಂದಿನ ಕೋಣೆಯಿಂದ ಎದ್ದು ಬಂದ ಹೆಂಡತಿ.

“ತಮ್ಮನ ಪರ ವಕೀಲಿಕೆ ಬೇಡ.”

ಕನ್ವರ್ಟರಿಗೆ ಮುಚ್ಚಳವಿಲ್ಲ, ಸುತ್ತಲೂ ಬೆಸುಗೆ. ಒಳಗನ್ನು ನೋಡಬೇಕೆಂದರೆ ಕೊಯ್ಯಲೇಬೇಕು. ಕೊಯ್ದರೆ ಆ ಶೆಡ್ಡಿನಲ್ಲಿ ಮತ್ತೆ ಸರಿಯಾಗಿ ಕೂಡಿಸುವವರು ಯಾರೂ ಇಲ್ಲ. ಮೇಸ್ತ್ರಿ ಗ್ರೈಂಡರ್ ಹಚ್ಚಿದ. ಕಿಡಿ ಹಾರಿ, ಗುಂಡು ಎರಡು ಹೋಳಾಗಿ ಬೆಂಚಿನ ಮೇಲೆ ಬಿತ್ತು. ಒಳಗಿನ ರೆಕ್ಕೆಗಳು ಒಂದು ಗೀರೂ ಇಲ್ಲದೆ ಫಳಫಳ ಹೊಳೆಯುತ್ತಿದ್ದವು. ಹೊಚ್ಚ ಹೊಸದು. ಮೇಸ್ತ್ರಿಗೆ ನಾಚಿಕೆಯಾಯಿತು.

ಲ್ಯಾಪ್‌ಟಾಪ್ ಹಿಡಿದು ಬಂದ ಮೈದುನ ಬೆಂಚನ್ನು ನೋಡಿ ನಿಂತುಬಿಟ್ಟ.

“ಒಳಗೆ ಸರಿ ಇತ್ತಾ ಭಾವ?”

“ಇತ್ತು.”

ಅವನು ಜಗಳವಾಡಲಿಲ್ಲ. ಕೆಲಸದ ಅಂಗಿ ಕಳಚಿ ಗೂಟಕ್ಕೆ ಹಾಕಿ, ಲ್ಯಾಪ್‌ಟಾಪನ್ನು ಅಲ್ಲೇ ಬಿಟ್ಟು ಹೊರಗೆ ಹೋದ. ‘ತಪ್ಪಾಯ್ತು ಕಣೋ’ ಎಂಬ ಮಾತು ಮೇಸ್ತ್ರಿಯ ಗಂಟಲಿನವರೆಗೆ ಬಂದಿತ್ತು. ಬಾಗಿಲು ಮುಚ್ಚಿದ್ದೇ ತಡ, ತಲೆಗೆ ಬೇರೊಂದು ಅನುಮಾನದ ಹುಳ ಹೊಕ್ಕಿತು.

“ನೋಡಿದೆಯೇನೇ? ಜಗಳಾನೂ ಆಡದೆ ಹೋದ. ಬೇರೆ ಕಡೆ ಮೊದಲೇ ಕೆಲಸ ಗೊತ್ತು ಮಾಡ್ಕೊಂಡಿರಬೇಕು.”

ಕಿಟಕಿಯ ಹತ್ತಿರ ನಿಂತು ಹೊರಗೆ ನೋಡುತ್ತಿದ್ದ ಹೆಂಡತಿ ತಲೆ ತಿರುಗಿಸಲಿಲ್ಲ.

“ಹೊರಗೆ ಮೆಟ್ಟಿಲ ಮೇಲೆ ಕೂತು ಅಳ್ತಿದ್ದಾನೆ,” ಎಂದಳು. “ಹೋಗಿ, ಆ ಕಣ್ಣೀರನ್ನೂ ಮೂಸಿ ನೋಡಿ ಬನ್ನಿ.”