ಹುಲಿ ಬಾರದ ಲೆನ್ಸು

ಕಾಡಂಚಿನ ನಮ್ಮ ಗುಂಡ್ಲುಪೇಟೆಯಲ್ಲಿ ಕ್ಯಾಮೆರಾ ಹಿಡಿದವನನ್ನು ಕಂಡರೆ ಜನ ಕೇಳುವುದು ಒಂದೇ: "ಇದ್ರಲ್ಲಿ ಹುಲಿ ಬತ್ತದಾ?" ನನ್ನ ಎಂಬತ್ತೈದು ಎಂಎಂ ಲೆನ್ಸಿನಲ್ಲಿ ಹುಲಿ ಬರುವುದಿಲ್ಲ. ಬಂದರೂ ಬೆಕ್ಕಿನಷ್ಟು ಬಂದೀತು. ಬೇಡ ಬಿಡಿ, ನಾನು ಮದುವೆ ಫೋಟೋ ತೆಗೆಯುವವನು.

ಸ್ಟುಡಿಯೋದಲ್ಲಿ ನನ್ನ ಪಾಲುದಾರ ಭಾವ, ಸೋದರತ್ತೆಯ ಮಗ. ಚಾಮರಾಜನಗರದಲ್ಲಿ ಮುಚ್ಚುತ್ತಿದ್ದ ಸ್ಟುಡಿಯೋ ಒಂದರಿಂದ ಈ ಲೆನ್ಸನ್ನು ತಂದ ದಿನದಿಂದಲೂ ಅವನಿಗೆ ಇದರ ಮೇಲೆ ಕೆಂಗಣ್ಣು. "ಮಾರ್ಬುಡ್ಲಾ, ಜೂಮ್ ತಕ್ಕೊಳನ" ಎಂದು ದಿನಾ ಅದೇ ರಾಗ.

ಅವನ ಮಾತು ಸುಳ್ಳಲ್ಲ. ಈ ಲೆನ್ಸು ಜೂಮ್ ಆಗುವುದಿಲ್ಲ, ಇದ್ದಲ್ಲೇ ಇರುತ್ತದೆ. ಹಿಂದೆ ಮುಂದೆ ಓಡಾಡಬೇಕಾದವನು ನಾನು. ತೆರಕಣಾಂಬಿಯ ಛತ್ರವೊಂದರಲ್ಲಿ ಹುಡುಗಿಯ ಕಡೆಯವರು ಇಪ್ಪತ್ತೈದು ಜನ ಸಾಲಾಗಿ ನಿಂತರು. ನಾನು ಹಿಂದೆ ಹಿಂದೆ ಹೋಗಿ ಊಟದ ಹಾಲ್‌ನ ಸಾಂಬಾರ್ ಬಕೆಟ್ಟನ್ನೇ ಒದ್ದೆ. ಅಷ್ಟಾದರೂ ತುದಿಯ ಇಬ್ಬರು ಫೋಟೋದಲ್ಲಿ ಬರಲಿಲ್ಲ. ಅವರಲ್ಲಿ ಒಬ್ಬರು ಹುಡುಗಿಯ ಸೋದರಮಾವ. ಆಲ್ಬಮ್ ವಾಪಸ್ ಬಂತು.

ಆದರೂ ನಾನು ಮಾರಲಿಲ್ಲ. ಬೇಗೂರಿನ ನಮ್ಮ ಮನೆಯ ಗೋಡೆಯಲ್ಲಿ ನನ್ನ ಅವ್ವನ ಪಟ ಇದೆ. ಅವಳು ತೀರಿಕೊಂಡಾಗ ಒಬ್ಬಳೇ ಇರುವ ಫೋಟೋ ಒಂದೂ ಸಿಗದೆ, ಯಾರದೋ ಮದುವೆಯ ಗುಂಪಿನಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದು. ಮುಖವೆಲ್ಲ ಕಲಸಿಹೋಗಿದೆ. ಭುಜದ ಮೇಲೆ ಒಂದು ಕೈ ಇದೆ, ಯಾರದೆಂದು ಇವತ್ತಿಗೂ ಗೊತ್ತಿಲ್ಲ. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಈ ಲೆನ್ಸಿಗೆ ಒಂದು ಮುಖ ಸಾಕು. ಹಿಂದಿನ ಗೊಬ್ಬರದ ಮೂಟೆ, ಟಿವಿ, ಕ್ಯಾಲೆಂಡರು ಎಲ್ಲ ಮಸುಕಾಗುತ್ತವೆ. ಮೊಬೈಲಿನಲ್ಲಿ ಊದಿದಂತೆ ಮೂಗು ಊದುವುದಿಲ್ಲ. ಮಬ್ಬು ಪಡಸಾಲೆಯಲ್ಲೂ ಫ್ಲ್ಯಾಶ್ ಬೇಡ.

ಅವ್ವ ಹೋದ ಮೇಲೆ ನಮ್ಮ ಮನೆಯಲ್ಲೇ ಇದ್ದು ನನ್ನನ್ನು ಸಾಕಿದವಳು ಅತ್ತೆ, ಭಾವನ ತಾಯಿ. ಅವಳದೂ ಒಬ್ಬಳೇ ಇರುವ ಫೋಟೋ ಇಲ್ಲ. ಈಗ ಅವಳಿಗೂ ವಯಸ್ಸಾಯಿತು. ನಾನು ತೆಗೆಯುತ್ತೇನೆ ಎಂದದ್ದೇ ತಡ, ಭಾವ ಸಿಡಿದ: "ವಯಸ್ಸಾದೋರ್ನ ಒಬ್ರನ್ನೇ ತಗುದ್ರೆ ಅದು ಗೋಡೆಗೆ ಕಣ್ಲಾ! ನಮ್ಮವ್ವನ್ನ ಈಗ್ಲೇ ಕಳಿಸ್ಬುಡ್ತೀಯಾ?" ನಮ್ಮ ಕಡೆ ಎಲ್ಲರೂ ಹೀಗೇ ಅಂಜುತ್ತಾರೆ, ಆಮೇಲೆ ಗುಂಪಿನ ಫೋಟೋ ಹಿಡಿದು ಕತ್ತರಿ ಹುಡುಕುತ್ತಾರೆ.

"ತಗೀತೀನಿ ಭಾವ. ಲೆನ್ಸೂ ಮಾರಕಿಲ್ಲ. ಬೇಕಾದ್ರೆ ಸ್ಟುಡಿಯೋ ಭಾಗ ಮಾಡ್ಬುಡನ" ಎಂದೆ.

ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಎಲ್ಲ ಕೇಳಿಸಿಕೊಂಡಿದ್ದಳು. ಎದ್ದು ಒಳಗೆ ಹೋಗಿ ಸೀರೆ ಬದಲಿಸಿ ಬಂದು ಕೂತಳು. ನಾನು ಐದಾರು ಹೆಜ್ಜೆ ಹಿಂದೆ ಸರಿದೆ. ಕ್ಯಾಮೆರಾ ಮೂಗಿನ ಹತ್ತಿರ ಇದ್ದಿದ್ದರೆ ಬಿಗಿದುಕೊಂಡು ಕೂರುತ್ತಿದ್ದಳು. ಅಷ್ಟು ದೂರದಲ್ಲಿದ್ದ ನನ್ನನ್ನು ಮರೆತು, ಮಗನನ್ನು ದುರುಗುಟ್ಟಿ ನೋಡಿದಳು. ಅದನ್ನೇ ತೆಗೆದೆ.

ಫ್ರೇಮು ಹಾಕಿಸಿ ತಂದ ದಿನ ಮೊಳೆಯನ್ನು ಅವಳೇ ಹುಡುಕಿ ತಂದಳು. ಅವ್ವನ ಪಟದ ಪಕ್ಕದ ಜಾಗ ತೋರಿಸಿ, ಸುತ್ತಿಗೆಯನ್ನು ಭಾವನ ಕೈಗೇ ಕೊಟ್ಟಳು.

"ಹೊಡಿಲಾ ಮೊಳೆಯ. ಹಾರ ಗೀರ ಹಾಕೀಯೆ, ಹುಷಾರು. ನಾನಿನ್ನೂ ಬದ್ಕಿವ್ನಿ ಕಣ್ಲಾ."